ಕೆನ್ನೆಗೆ ಕೊಬ್ಬರಿ

ಮುಖದ ಸುಕ್ಕಿಗೆ ಸೂಜಿ ಚುಚ್ಚಿ, ಒಳಗೆ ಏನನ್ನೋ ತುಂಬಿ, ಸಾಯುವವರೆಗೂ ಕೆನ್ನೆ ಉಬ್ಬಿರುವಂತೆ ಮಾಡುತ್ತಾರಂತೆ ಎಂದು ಈಗ ಯಾರಾದರೂ ಬಂದು ಹೇಳಿದರೆ ನನಗೆ ನಗು ಬರುತ್ತದೆ. ಆ ವಿಷಯ ನಮ್ಮ ಶಿಕಾರಿಪುರದ ಮನೆಯ ಪಡಸಾಲೆಯಲ್ಲಿ ಐವತ್ತರ ದಶಕದ ಕೊನೆಯಲ್ಲೇ ಚರ್ಚೆಯಾಗಿ, ಆಮೇಲೆ ಇತ್ಯರ್ಥವೂ ಆಗಿತ್ತು. ಇತ್ಯರ್ಥ ಮಾಡಿದ್ದು ಡಾಕ್ಟರಲ್ಲ, ಸೊರಬದ ಒಬ್ಬ ಕಣ್ಣು ಕಾಣದ ಮುದುಕಿ.

ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಸುಕ್ಕು ಅಂದರೆ ಸೀರೆಗೆ ಬೀಳುವುದು ಅಂತಷ್ಟೇ ಗೊತ್ತಿದ್ದ ವಯಸ್ಸು. ನಮ್ಮದು ಜವಳಿ ಅಂಗಡಿಯ ಮನೆ. ಅತ್ತೆಯವರು ತೆಳ್ಳಗಿನ ಹೆಂಗಸು, ದನಿ ಮಾತ್ರ ದಪ್ಪ. ವಸಡಿನಲ್ಲಿ ಕೀವಾಗಿ ಹಿಂದಿನ ವರ್ಷ ಅವರ ಹಲ್ಲುಗಳನ್ನೆಲ್ಲ ಕೀಳಿಸಬೇಕಾಗಿ ಬಂದಿತ್ತು. ವಸಡು ಗಟ್ಟಿಯಾಗಲಿ, ಆಮೇಲೆ ಶಿವಮೊಗ್ಗದಲ್ಲಿ ಹಲ್ಲಿನ ಸೆಟ್ಟು ಕಟ್ಟಿಸೋಣ ಎಂದು ಮಾವನವರು ದಿನ ದೂಡುತ್ತಿದ್ದರು. ಅಷ್ಟರಲ್ಲಿ ಕೆನ್ನೆ ಒಳಗೆ ಹೋಗಿ, ತುಟಿಯ ಸುತ್ತ ಸೀರೆಯ ನೆರಿಗೆ ಹಿಡಿದಂತೆ ಸುಕ್ಕು ಬಿದ್ದಿತ್ತು. ಐವತ್ತರ ಆಚೀಚಿನ ಹೆಂಗಸು ಎಪ್ಪತ್ತರವರಂತೆ ಕಾಣುತ್ತಿದ್ದರು. ಅದಕ್ಕೆ ಅವರಿಗೇನೂ ಬೇಜಾರಿರಲಿಲ್ಲ. "ಚಂದ ಆಗಿ ಯಾರಿಗೆ ತೋರಿಸ್ಲಿ, ನಿಮ್ಮ ಮಾವಗಾ?" ಎಂದು ಮಾವನವರಿಗೆ ಕೇಳುವ ಹಾಗೇ ಹೇಳಿ ನಗುತ್ತಿದ್ದರು.

ಅವರಿಗೆ ಹೆದರಿಕೆ ಇದ್ದದ್ದು ತಮ್ಮ ತಾಯಿಯದು. ಸೊರಬದಲ್ಲಿದ್ದ ಆ ಅಜ್ಜಿಗೆ ಎರಡೂ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ತವರಿಗೆ ಬಂದ ಮಗಳ ಕೆನ್ನೆಗಳನ್ನು ಅಂಗೈಯಲ್ಲಿ ಸವರಿ, ಆ ಕೈಗಳನ್ನು ತಮ್ಮ ಹಣೆಯ ಎರಡು ಪಕ್ಕಕ್ಕೆ ಒತ್ತಿ, ಲಟಿಕೆ ಮುರಿದು ದೃಷ್ಟಿ ತೆಗೆಯುವುದು ನಮ್ಮ ಕಡೆ ಎಲ್ಲ ಅಜ್ಜಿಯರೂ ಮಾಡುವುದೇ. ಈ ಅಜ್ಜಿಗೆ ಮಾತ್ರ ಅದೇ ಕಣ್ಣು, ಅದೇ ತಕ್ಕಡಿ. ಕೆನ್ನೆ ಒಂದು ಚೂರು ಇಳಿದಿದ್ದರೂ ಮಗಳು ಸೊರಗಿದ್ದಾಳೆ, ಕೊಟ್ಟ ಮನೆಯಲ್ಲಿ ಏನೋ ಕಷ್ಟವಿದೆ ಎಂದು ಊಟ ಬಿಟ್ಟು ಕೂರುವ ಜೀವ. ಹಾಗಾಗಿ ಹಲ್ಲು ಕೀಳಿಸಿದ ಸುದ್ದಿಯನ್ನೇ ಅತ್ತೆಯವರು ಅಲ್ಲಿಗೆ ಮುಟ್ಟಿಸಿರಲಿಲ್ಲ. ಹಿಂದಿನ ಪಂಚಮಿ ಹಬ್ಬಕ್ಕೆ ಜ್ವರ ಎಂದು ಹೇಳಿಕಳಿಸಿ ತಪ್ಪಿಸಿಕೊಂಡಿದ್ದರು. ಈ ಪಂಚಮಿಗೆ ಅಜ್ಜಿ ಹೇಳಿಕಳಿಸಿದ್ದು ಒಂದೇ ಮಾತು: "ಈ ಸಲನೂ ಬರ್ದಿದ್ರೆ ನಾನೇ ಬಸ್ಸು ಹತ್ತಿ ಬರ್ತೀನಿ."

ಆ ಹೊತ್ತಿಗೆ ಸರಿಯಾಗಿ ನನ್ನ ಮೈದುನ ಅಂಗಡಿಗೆ ಬಟ್ಟೆ ತರಲು ಮುಂಬಯಿಗೆ ಹೋಗಿ ಬಂದ. "ಅಲ್ಲಿ ಸಿನಿಮಾದ ಹೆಂಗಸ್ರು ಮುಖಕ್ಕೆ ಎಂಥದೋ ಇಂಜೆಕ್ಷನ್ ಹಾಕಿಸ್ಕೊಳ್ತಾರಂತವ್ವ. ಚರ್ಮದ ಕೆಳಗೆ ಮೇಣ ಇದ್ದಂಗೆ ಒಂದು ರಸ ತುಂಬ್ತಾರಂತೆ. ಸುಕ್ಕೆಲ್ಲ ಮಾಯ. ಒಂದ್ಸಲ ಹಾಕಿಸಿದ್ರೆ ಸಾಯೋತಂಕ ಚಿಂತಿಲ್ಲ" ಎಂದ. ಅವನು ಹೇಳಿದ್ದು ತಮಾಷೆಗೆ. ಅತ್ತೆಯವರು ಮರುದಿನ ಬೆಳಿಗ್ಗೆಯೇ ನನ್ನನ್ನು ಎಳೆದುಕೊಂಡು ಡಾಕ್ಟರ ಬಾಗಿಲಿಗೆ ಹೋದರು.

ಆಗೆಲ್ಲ ಜನಕ್ಕೆ ಇಂಜೆಕ್ಷನ್ ಮೇಲೆ ಭಾರಿ ನಂಬಿಕೆ. ಗುಳಿಗೆ ಕೊಟ್ಟು ಕಳಿಸಿದ ಡಾಕ್ಟರು ಡಾಕ್ಟರೇ ಅಲ್ಲ.

"ಎರಡೂ ಕೆನ್ನೆಗೆ ಒಂದೊಂದು ಹಾಕಿಬಿಡ್ರೀ ಡಾಕ್ಟ್ರೇ, ಪಂಚಮಿಗೆ ತವರಿಗೆ ಹೋಗ್ಬೇಕು" ಅಂದರು ಅತ್ತೆಯವರು.

ಮೈದುನ ತಂದ ಸುದ್ದಿಯನ್ನು ನಾನು ಬಿಡಿಸಿ ಹೇಳಿದೆ. ಡಾಕ್ಟರು ನಗಲಿಲ್ಲ, ಅದೇ ದೊಡ್ಡದು.

"ಅಂಥದ್ದು ಇದೆ ಅಂತ ನಾನೂ ಕೇಳಿದೀನಿ ತಾಯಿ. ನಮ್ಮಲ್ಲಿಲ್ಲ. ಇದ್ದಿದ್ರೂ ಹಾಕ್ತಿರ್ಲಿಲ್ಲ. ಒಳಗೆ ಹೋಗಿದ್ದು ಹಾಕಿದ ಜಾಗದಲ್ಲೇ ಕೂರ್ತದೆ ಅಂತಿಲ್ಲ, ಗಂಟು ಕಟ್ತದೆ. ಕೆನ್ನೆಗೆ ಹಾಕಿದ್ದು ಜಾರಿ ಗದ್ದಕ್ಕೆ ಬಂದ್ರೆ ಏನ್ಮಾಡ್ತೀರಿ? ಹಾಕೋದು ಸುಲಭ, ವಾಪಸ್ ತೆಗೆಯೋಕೆ ಬರಲ್ಲ."

"ಹಂಗಾದ್ರೆ ಅರ್ಧ ಹಾಕ್ರೀ."

"ಅರ್ಧ ಹಾಕಿದ್ರೂ ಅದು ಸಾಯೋವರೆಗೂ ಇರ್ತದೆ."

"ಸಾಯೋತಂಕ ಯಾರಿಗೆ ಬೇಕ್ರೀ? ನಮ್ಮವ್ವ ಒಂದ್ಸಲ ಸವರಿ ಕೈ ತೆಗೆಯೋತಂಕ ಇದ್ರೆ ಸಾಕು."

ಡಾಕ್ಟರು ಶಕ್ತಿಗೆ ಅಂತ ಗುಳಿಗೆ ಕೊಟ್ಟರು. ಅತ್ತೆಯವರು ಅವನ್ನು ಮನೆಗೆ ತಂದು ಮಾವನವರಿಗೆ ತಿನ್ನಿಸಿದರು.

ಸೂಜಿ ಇಲ್ಲದಿದ್ದರೆ ಬಾಯೊಳಗಿನಿಂದಲೇ ಕೆನ್ನೆ ಉಬ್ಬಿಸೋಣ ಎಂದು ಮೊದಲು ಹತ್ತಿಯನ್ನು ಉಂಡೆ ಮಾಡಿ ಬಾಯಲ್ಲಿಟ್ಟು ನೋಡಿದೆವು. ಎಂಜಲಿಗೆ ನೆನೆದು ಚಪ್ಪಟೆಯಾಯಿತು. ನಾನು ಹಬ್ಬದ ಉಂಡಿಗೆ ಕೊಬ್ಬರಿ ತುರಿಯಲು ಕೂತಿದ್ದೆ. ಪಂಚಮಿಗೆ ನಮ್ಮ ಊರಲ್ಲಿ ಮಕ್ಕಳು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುತ್ತವೆ, ಅದಕ್ಕೂ ಸೇರಿಸಿ ಬುಟ್ಟಿಗಟ್ಟಲೆ ಕೊಬ್ಬರಿ ಬಂದಿತ್ತು. ಕೈಯಲ್ಲಿದ್ದ ಬಟ್ಟಲಿನ ಬಾಗು ನೋಡಿದೆ, ಅತ್ತೆಯವರ ಕೆನ್ನೆ ನೋಡಿದೆ. ಈ ಉಪಾಯ ನನ್ನದೇ, ಜಂಬದಿಂದಲೇ ಹೇಳುತ್ತೇನೆ. ಎರಡು ಹೋಳು ಕೊಯ್ದು, ಅಂಚು ಹೆರೆದು ಒಳಗಿಡಿಸಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಸುಕ್ಕೆಲ್ಲ ಬಿಗಿದು ಮುಖ ದುಂಡಗಾಯಿತು. ಮಾವನವರು ನೀರು ಕುಡಿಯಲು ಬಂದವರು ಹೆಂಡತಿಯನ್ನು ನೋಡಿ ಸುಮ್ಮನೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ನೀರು ಕುಡಿಯಲು ಬಂದರು.

ಹಬ್ಬದ ಹಿಂದಿನ ದಿನ ನಾವಿಬ್ಬರೂ ಬಸ್ಸು ಹತ್ತಿದೆವು. ಅಭ್ಯಾಸವಾಗಲಿ ಎಂದು ಅತ್ತೆಯವರು ಮನೆಯಲ್ಲೇ ಕೊಬ್ಬರಿ ಇಟ್ಟುಕೊಂಡಿದ್ದರು. ಊರಿಗೆಲ್ಲ ಕೇಳುವ ದನಿಯ ಹೆಂಗಸು ಶಿರಾಳಕೊಪ್ಪದವರೆಗೆ ತುಟಿ ಬಿಚ್ಚಲಿಲ್ಲ. "ಹಲ್ಲುನೋವೇನ್ರಮ್ಮಾ? ಲವಂಗ ಕಚ್ಚಿ ಹಿಡೀರಿ" ಎಂದ ಕಂಡಕ್ಟರು. ಕಚ್ಚಲು ಹಲ್ಲೆಲ್ಲಿತ್ತು? ನಗು ತಡೆಯಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ಅತ್ತೆಯವರು ತೊಡೆ ಚಿವುಟಿದರು. ಅವರ ಭುಜವೂ ಕುಲುಕುತ್ತಿತ್ತು.

ಸೊರಬದ ಮನೆಯ ಜಗಲಿಯಲ್ಲಿ ಅಜ್ಜಿ ಕಾಲು ಚಾಚಿ ಕೂತಿದ್ದರು. ಹೆಜ್ಜೆಯ ಸದ್ದಿಗೇ ಕೈ ಮುಂದೆ ಬಂತು. ಅತ್ತೆಯವರು ಎದುರಿಗೆ ಮಂಡಿಯೂರಿ ಮುಖ ಕೊಟ್ಟರು. ಅಜ್ಜಿಯ ಅಂಗೈ ಕೆನ್ನೆಯ ಅರ್ಧಕ್ಕೆ ಬಂದು ನಿಂತೇಬಿಟ್ಟಿತು. ಒಂದು ಬೆರಳಿನಿಂದ ಒತ್ತಿದರು. ಇನ್ನೊಂದು ಕಡೆಯೂ ಒತ್ತಿದರು.

"ಎಂಥದೇ ಇದು, ಹಿಂಗೆ ಗಟ್ಟಿ ಆಗೈತಲ್ಲ! ಗದ್ದಬಾವು ಬಂದೈತಾ? ಈ ವಯಸ್ನಾಗೆ? ಅಯ್ಯೋ, ಯಾರಾದ್ರೂ ಅರಿಶಿನ ಬಿಸಿ ಮಾಡ್ರೇ!"

ಅರಿಶಿನದ ಪಟ್ಟು ಅಂದರೆ ಹಬ್ಬ ಮುಗಿಯುವ ತನಕ ಮುಖ ಕಟ್ಟಿಕೊಂಡು ಮಲಗಬೇಕು. ಅತ್ತೆಯವರು ಬೇಡ ಬೇಡ ಎಂದು ಹೇಳಲು ಬಾಯಿ ತೆರೆದರು. ಒಂದು ಹೋಳು ಅಜ್ಜಿಯ ಮಡಿಲಿಗೇ ಬಿತ್ತು. ಇನ್ನು ಮುಚ್ಚಿಡಲು ಏನುಳಿಯಿತು? ಎರಡನೆಯದನ್ನೂ ತೆಗೆದು, "ಹಲ್ಲು ಹೋದವು ಕಣವ್ವ. ಕೆನ್ನೇನೂ ಹೋತು. ನೀನು ಮುಟ್ಟಿ ಸಂಕಟ ಪಡ್ತೀ ಅಂತ ಹಿಂಗೆ ಮಾಡಿದೆ. ಮನೇಲಿ ಎಲ್ಲ ಚಲೋ ನೋಡ್ಕಂತಾರೆ, ನಿನ್ನಾಣೆ" ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಜ್ಜಿ ಮತ್ತೆ ಕೈ ಚಾಚಿದರು. ಈ ಸಲ ನಿಧಾನವಾಗಿ, ಹಣೆಯಿಂದ ಶುರು ಮಾಡಿ, ಗುಳಿಬಿದ್ದ ಕೆನ್ನೆ, ತುಟಿಯ ಸುತ್ತಲಿನ ಒಂದೊಂದು ಸುಕ್ಕು, ಗದ್ದ, ಎಲ್ಲ ಸವರಿದರು. ಮುಗಿಯಿತು ಅಂದುಕೊಂಡರೆ ಮತ್ತೆ ಮೇಲಿನಿಂದ ಸವರಿದರು. ಊಟ ಬಿಡುವ ಮಾತು ಈಗ ಬಂತು ಎಂದು ನಾನು ಕಾದೆ.

"ಇದು ನಮ್ಮವ್ವನ ಮುಖ ಕಣೇ" ಅಂದರು ಅಜ್ಜಿ. "ಕಡೆಗಾಲದಾಗೆ ಗಂಜಿ ಕುಡಿಸಿ ಇದೇ ಬಾಯಿ ಒರೆಸ್ತಿದ್ದೆ. ಹಿಂಗೇ ಗುಳಿ, ಹಿಂಗೇ ಗೆರೆ. ಎಷ್ಟು ಕಾಲ ಆಗಿತ್ತೇ ನಮ್ಮವ್ವನ್ನ ಮುಟ್ಟಿ!"

ಹಾಗೆಂದು ಎರಡೂ ಕೈಯನ್ನು ತಮ್ಮ ಹಣೆಯ ಪಕ್ಕಕ್ಕೆ ಒತ್ತಿದರು. ಹತ್ತೂ ಬೆರಳಿನ ಲಟಿಕೆ ಪಟಪಟನೆ ಮುರಿಯಿತು. ಅಜ್ಜಿ ಜೋರಾಗಿ ನಕ್ಕರು, ಅತ್ತೆಯವರು ಅಳುತ್ತಲೇ ನಕ್ಕರು. ನನಗೂ ಕಣ್ಣು ತುಂಬಿತು, ಎಂಥ ಸುಖ ಅದು. ಆಮೇಲೆ ಅಜ್ಜಿ ಮಡಿಲು ತಡಕಿ ಕೊಬ್ಬರಿ ಹೋಳನ್ನು ಹುಡುಕಿ ತೆಗೆದು, ಸೆರಗಿಗೆ ಒರೆಸಿ, ಕಟಕಟ ಅಗಿದರು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಮಗಳು ಹೊತ್ತು ತಂದದ್ದನ್ನು ತಾಯಿ ಅಗಿದು ಆ ಗಾದೆಯ ಲೆಕ್ಕ ಸರಿಮಾಡಿದರು.

ಮುಂದಿನ ವರ್ಷ ಶಿವಮೊಗ್ಗದಿಂದ ಹಲ್ಲಿನ ಸೆಟ್ಟು ಬಂತು. ಕೆನ್ನೆ ತುಂಬಿತು, ಸುಕ್ಕು ಕಡಿಮೆಯಾಯಿತು, ಮಾವನವರು ನೀರು ಕುಡಿಯುವುದು ಜಾಸ್ತಿಯಾಯಿತು. ಆದರೆ ಅಜ್ಜಿ ಇರುವವರೆಗೂ ಸೊರಬದಲ್ಲಿ ಬಸ್ಸು ಇಳಿದ ಕೂಡಲೇ ಅತ್ತೆಯವರು ಆ ಕಡೆ ತಿರುಗಿ ಸೆಟ್ಟು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದರು.

"ಇದ್ನ ಹಿಡ್ಕಳೇ ಹುಡುಗೀ," ಅನ್ನುತ್ತಿದ್ದರು, "ಮೊದ್ಲು ಅವ್ವ ಅವರವ್ವನ್ನ ಮಾತಾಡಿಸ್ಲಿ."