ಮೂರನೆಯ ಮನೆ ಖಾಲಿ

ನನಗೆ ಎಣಿಸಲು ಬರುವುದಿಲ್ಲ ಎಂದು ಮೂವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಹೇಳಿದವರಲ್ಲಿ ಡ್ರಮ್ಮಿನವರಿದ್ದಾರೆ, ಹೋಟೆಲಿನ ಮ್ಯಾನೇಜರುಗಳಿದ್ದಾರೆ, ಒಮ್ಮೆ ಮದುವೆಯ ಶಾಮಿಯಾನ ಕಟ್ಟುವವನೂ ಹೇಳಿದ. ನಾನು ಜಾಝ್ ಗಿಟಾರ್ ನುಡಿಸುವವಳು. ಹೈದರಾಬಾದಿನಲ್ಲಿ ಈ ಕೆಲಸ ಮಾಡುವ ಹೆಂಗಸರು ಎಷ್ಟು ಜನ ಎಂದು ಕೇಳಿದರೆ ಒಂದು ಕೈಯ ಬೆರಳು ಮುಗಿಯುವುದಿಲ್ಲ. ಅಷ್ಟನ್ನು ನಾನೂ ಎಣಿಸಬಲ್ಲೆ.

ಎಣಿಕೆ ಕಲಿತದ್ದು ದಿಲ್‌ಸುಖ್‌ನಗರದ ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ. ಅಪ್ಪ ಕಲಬುರಗಿ ಕಡೆಯವರು, ನಾಚಾರಂನ ಒಂದು ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದರು. ಪ್ರತಿ ಶನಿವಾರ ಸಂಜೆ ಮನೆಯಲ್ಲಿ ಭಜನೆ. ಬೀದರಿನವರು, ರಾಯಚೂರಿನವರು, ಬಟ್ಟೆ ಅಂಗಡಿಯವರು, ಬ್ಯಾಂಕಿನವರು ಬಂದು ಸೇರುತ್ತಿದ್ದರು. ವಾರವೆಲ್ಲ ಹೊರಗೆ ತೆಲುಗು, ಹಿಂದಿ ಆಡಿ ದಣಿದವರು ಆ ಎರಡು ತಾಸು ಕನ್ನಡದಲ್ಲಿ ಜೋರಾಗಿ ಹಾಡಿ, ಜೋರಾಗಿ ಜಗಳಾಡಿ, ಚಹಾ ಕುಡಿದು ಹೋಗುತ್ತಿದ್ದರು. ಅಪ್ಪನದು ತಬಲಾ. ಅದನ್ನು ನಾನು ಮುಟ್ಟುವಂತಿರಲಿಲ್ಲ. ಹೆಣ್ಣುಮಕ್ಕಳ ಕೈ ಒರಟಾಗುತ್ತದೆ ಎಂದು ಸೋದರತ್ತೆ ಫರ್ಮಾನು ಹೊರಡಿಸಿದ್ದಳು. ಹಾಗಾಗಿ ಗೋಡೆಗೆ ಒರಗಿ ತೊಡೆಯ ಮೇಲೆ ತಾಳ ಹಾಕುತ್ತಾ ಕೂರುತ್ತಿದ್ದೆ.

ಹದಿನಾರು ಎಣಿಕೆಯ ತೀನ್‌ತಾಲ. ನಾಲ್ಕು ನಾಲ್ಕರ ನಾಲ್ಕು ಮನೆ. ಮೊದಲ ಮನೆಗೆ ಚಪ್ಪಾಳೆ, ಎರಡನೆಯದಕ್ಕೆ ಚಪ್ಪಾಳೆ, ಮೂರನೆಯದಕ್ಕೆ ಕೈಯನ್ನು ಗಾಳಿಯಲ್ಲಿ ಬಿಡಬೇಕು, ನಾಲ್ಕನೆಯದಕ್ಕೆ ಮತ್ತೆ ಚಪ್ಪಾಳೆ. ಆ ಮೂರನೆಯ ಮನೆಗೆ ಖಾಲಿ ಎನ್ನುತ್ತಾರೆ. ಅಲ್ಲಿ ತಬಲಾದ ದೊಡ್ಡ ದನಿ ಸುಮ್ಮನಾಗಿ ಸಣ್ಣ ದನಿ ಮಾತ್ರ ಉಳಿಯುತ್ತದೆ.

"ಖಾಲಿ ಬಂತಂದ್ರ ಕೈ ಬಿಡಬೇಕು, ಯವ್ವಾ," ಎನ್ನುತ್ತಿದ್ದರು ಅಪ್ಪ. "ಅಲ್ಲಿ ಬಡಿಯಾಕ ಹೋಗಬ್ಯಾಡ. ಬಡದಿ ಅಂದ್ರ ಎಲ್ಲಿ ಅದೀವಿ ಅನ್ನೂದ ಯಾರಿಗೂ ತಿಳಿಯೂದಿಲ್ಲ."

ಕಾಲೇಜಿಗೆ ಹೋಗುವಾಗ ಸಿಕಂದರಾಬಾದಿನಲ್ಲಿ ಒಬ್ಬ ನಿವೃತ್ತ ರೈಲ್ವೆ ಗಾರ್ಡಿನ ಹತ್ತಿರ ಗಿಟಾರ್ ಕಲಿಯಲು ಸೇರಿದೆ. ಮನೆಯಲ್ಲಿ ಟೈಪಿಂಗ್ ಕ್ಲಾಸು ಎಂದು ಹೇಳಿದ್ದೆ. ಅವರು ಮೊದಲು ಕಲಿಸಿದ್ದು ಬ್ಲೂಸ್. ಚೌಕಾಬಾರದ ಹಾಗೆ ಅದಕ್ಕೂ ಮನೆಗಳಿವೆ: ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಮನೆ ದಾಟಿದರೆ ಒಂದು ಸುತ್ತು. ನನ್ನ ಕಿವಿಗೆ ಹನ್ನೆರಡು ಕೇಳಿಸಲೇ ಇಲ್ಲ. ನನಗೆ ಕೇಳಿಸಿದ್ದು ಹದಿನಾರರ ಮೂರು ಆವರ್ತನ. ಲೆಕ್ಕ ಹಾಕಿ ನೋಡಿ, ಎರಡೂ ನಲವತ್ತೆಂಟೇ. ಹಾಗಾಗಿ ನಾನು ಸುತ್ತಿನ ಕೊನೆಗೆ ಸರಿಯಾಗಿಯೇ ಬಂದು ಮುಟ್ಟುತ್ತಿದ್ದೆ. ಆದರೆ ಮೂರನೆಯ, ಏಳನೆಯ, ಹನ್ನೊಂದನೆಯ ಮನೆ ಬಂದಾಗ ಎಲ್ಲರೂ ಗಿಟಾರನ್ನು ತುಂಬಿ ನುಡಿಸಿದರೆ ನನ್ನ ಕೈ ತಾನಾಗಿ ಮೇಲೇಳುತ್ತಿತ್ತು. ದಪ್ಪ ತಂತಿಗಳು ಸುಮ್ಮನಾಗಿ, ತೆಳು ತಂತಿಯ ಮೇಲೆ ಒಂದೋ ಎರಡೋ ಸ್ವರ ಉಳಿಯುತ್ತಿದ್ದವು.

ನಾನು ಮರೆಯುತ್ತಿದ್ದೇನೆ ಎಂದುಕೊಂಡು ಗುರುಗಳು ಒಂದು ತಿಂಗಳು ಅದನ್ನೇ ತಿರುಗಿ ತಿರುಗಿ ಹೇಳಿಕೊಟ್ಟರು. ಕೊನೆಗೆ ಒಂದು ದಿನ ಬಾಯಿಬಿಟ್ಟು ಎಣಿಸು ಎಂದರು. ಎಣಿಸಿದೆ. ಕೆಮ್ಮು ಬರುವ ತನಕ ನಕ್ಕರು. "ಬೇಟಿ, ತೂ ಗಿನ್ತೀ ಗಲತ್ ಕರ್ತೀ ಹೈ, ಪಹುಂಚ್ತೀ ಸಹೀ ಹೈ," ಎಂದರು. ಎಣಿಸುವುದು ತಪ್ಪು, ಮುಟ್ಟುವುದು ಸರಿ. ಆಮೇಲೆ ಅದನ್ನು ಅವರು ತಿದ್ದಲಿಲ್ಲ. ತಿದ್ದಿದ್ದರೆ ನನಗೆ ಕೆಲಸ ಹೆಚ್ಚು ಸಿಗುತ್ತಿತ್ತೇನೋ. ಹಾಗೆಂದು ಅವರನ್ನು ಬೈಯುವ ಮನಸ್ಸು ಇವತ್ತಿಗೂ ಇಲ್ಲ.

ಹೋಟೆಲುಗಳಲ್ಲಿ ನನ್ನ ಜಾಗ ಯಾವಾಗಲೂ ಕುಂಡದ ಗಿಡಕ್ಕೂ ಸಲಾಡಿನ ಮೇಜಿಗೂ ನಡುವೆ. ಭಾನುವಾರ ಮಧ್ಯಾಹ್ನದ ಊಟಕ್ಕೆ ಬಂದವರಿಗೆ ನಾನು ನುಡಿಸಬೇಕು, ಆದರೆ ಅವರಿಗೆ ಅದು ಕೇಳಿಸಬಾರದು. ಇದು ಆ ಕೆಲಸದ ನಿಯಮ. ಮ್ಯಾನೇಜರು ಹತ್ತಿರ ಬಂದು, "ಮೇಡಂ, ಕೊಂಚೆಂ ಫುಲ್‌ಗಾ ವಾಯಿಂಚಂಡಿ," ಎನ್ನುತ್ತಿದ್ದ. ಸ್ವಲ್ಪ ತುಂಬಿ ನುಡಿಸಿ. ಖಾಲಿಯಲ್ಲಿ ಚಮಚಗಳ ಸದ್ದು ಕೇಳಿ ಅವನಿಗೆ ಗಾಬರಿಯಾಗುತ್ತಿತ್ತು. ನಾನು ತಲೆಯಾಡಿಸಿ, ಮುಂದಿನ ಸುತ್ತಿನಲ್ಲಿ ಮತ್ತೆ ಕೈ ಎತ್ತುತ್ತಿದ್ದೆ. ಎರಡು ಹೋಟೆಲುಗಳು ಈ ಕಾರಣಕ್ಕೇ ನನ್ನನ್ನು ಬಿಟ್ಟವು. ಮೂರನೆಯದನ್ನು ನಾನೇ ಬಿಟ್ಟೆ.

ಮದುವೆಯ ಮಾತೂ ಬಂದಿತ್ತು. ನೋಡಲು ಬಂದ ವರನೊಬ್ಬ, ಮದುವೆಯ ನಂತರ ಗಿಟಾರನ್ನು ಹವ್ಯಾಸವಾಗಿ ಇಟ್ಟುಕೊಳ್ಳಬಹುದು ಎಂದು ದೊಡ್ಡ ಮನಸ್ಸಿನಿಂದ ಅಪ್ಪಣೆ ಕೊಟ್ಟ. ಅವನಿಗೆ ಉಪ್ಪಿಟ್ಟು ತಿನ್ನಿಸಿ ಕಳಿಸಿದೆವು. ಬಾಗಿಲು ಹಾಕಿದ್ದು ಅಪ್ಪ. ನೆಂಟರು ಮುಂದೆ ಎಷ್ಟೋ ವರ್ಷ ನನ್ನನ್ನು 'ಗಿಟಾರ್ ಬಡಿಯೂ ಹುಡುಗಿ' ಎಂದೇ ಕರೆದರು. ಹುಡುಗಿ ಎನ್ನುವ ವಯಸ್ಸು ದಾಟಿದ ಮೇಲೂ ಕರೆದರು, ಅದಕ್ಕೆ ಅವರಿಗೆ ಥ್ಯಾಂಕ್ಸ್.

ಒಂದೇ ಒಂದು ಆಸೆ ಉಳಿದಿತ್ತು. ನನ್ನ ಹೆಸರಿನ ಒಂದು ರೆಕಾರ್ಡು. ಕಲಾವಿದರಿಗೆ ಅಂಥದ್ದರ ಹಂಬಲ ಇರಬಾರದು ಎಂದು ಹೇಳುವವರು ಸಾಮಾನ್ಯವಾಗಿ ನಾಲ್ಕೈದು ರೆಕಾರ್ಡು ಮಾಡಿ ಮುಗಿಸಿರುತ್ತಾರೆ. ನನಗೆ ಹಂಬಲ ಇತ್ತು, ಬಹಳ ಇತ್ತು.

ಹಾಗಿರುವಾಗ ಬೆಂಗಳೂರಿನ ಒಬ್ಬ ಪಿಯಾನೋ ನುಡಿಸುವವನು ಪರಿಚಯವಾದ. ಇಲ್ಲಿಯ ಐಟಿ ಕಂಪನಿಯಲ್ಲಿ ಕೆಲಸ, ಮೂವತ್ತರ ಆಸುಪಾಸು, ಹೈದರಾಬಾದಿನ ಆ ತುದಿಯ ಲಿಂಗಂಪಲ್ಲಿಯಲ್ಲಿ ಬಾಡಿಗೆ ಮನೆ. ಮನೆಯ ಒಂದು ಕೋಣೆಗೆ ಸ್ಪಂಜು ಬಡಿದು ಸ್ಟುಡಿಯೋ ಮಾಡಿಕೊಂಡಿದ್ದ. ಕೈ ಬಹಳ ಚೆನ್ನಾಗಿತ್ತು. ಎಲ್ಲೋ ನನ್ನ ಗಿಟಾರ್ ಕೇಳಿದ್ದನಂತೆ. ನೀವು ಕಟ್ಟಿದ ಎಂಟು ರಚನೆಗಳನ್ನು ಸೇರಿಸಿ ಒಂದು ಆಲ್ಬಂ ಮಾಡೋಣ, ನಿಮ್ಮ ಹೆಸರೇ ಮೊದಲು ಎಂದ. ನಾನು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಆರು ಭಾನುವಾರ ಬೆಳಿಗ್ಗೆ ಮೆಟ್ರೋ ಹಿಡಿದು, ಆಮೇಲೆ ಲೋಕಲ್ ರೈಲು ಹಿಡಿದು, ಕೊನೆಯ ಸ್ಟೇಷನ್ನಿನಲ್ಲಿ ಗಿಟಾರ್ ಹೊತ್ತು ಇಳಿದೆ. ಬೇಸ್ ಮತ್ತು ಡ್ರಮ್ಸ್‌ಗೆ ಅವನ ಆಫೀಸಿನ ಇಬ್ಬರು ಗೆಳೆಯರು ಬರುತ್ತಿದ್ದರು.

"ಮೇಡಂ, ಮೂರನೇದು ಬಂದಾಗಲೆಲ್ಲಾ ಎಲ್ಲಿಗೆ ಹೋಗ್ತೀರಾ ನೀವು?" ಎಂದು ಎರಡನೆಯ ವಾರವೇ ಕೇಳಿದ.

"ಎಲ್ಲಿಗೂ ಹೋಗಂಗಿಲ್ಲ ತಮ್ಮಾ. ಅಲ್ಲೇ ಇರ್ತೀನಿ. ಕೈ ಅಷ್ಟ ಎತ್ತತೀನಿ."

"ಕೇಳೋರಿಗೆ ಮರ್ತುಹೋದ್ರೇನೋ ಅನ್ಸುತ್ತೆ."

"ಒಂದ ನಾಕು ಎಣಿಸೂತನಕ ತಡೀಲಿ. ಅಷ್ಟೇನು ಅವಸರ ಐತಿ?"

ಅವನು ನಕ್ಕ. ಮಾತು ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ.

ತಿಂಗಳಾದ ಮೇಲೆ ಮೊದಲ ರಚನೆ, ಒಂದು ಬ್ಲೂಸ್, ಫೋನಿಗೆ ಬಂತು. ಕೇಳಿದೆ. ಖುಷಿಯಾಯಿತು. ಇದನ್ನು ಮುಚ್ಚಿಡುವುದಿಲ್ಲ. ದನಿ ತುಂಬಿಕೊಂಡು, ದುಂಡಗೆ, ಹೊರದೇಶದ ರೆಕಾರ್ಡಿನಂತೆ ಕೇಳುತ್ತಿತ್ತು. ಮೂರು ಸಲ ಕೇಳಿದರೂ ನನಗೆ ಏನೂ ಗೊತ್ತಾಗಲಿಲ್ಲ. ಹಿಗ್ಗಿದ ಕಿವಿಗೆ ಏನು ತಾನೇ ಗೊತ್ತಾಗುತ್ತದೆ?

ಅಪ್ಪನಿಗೆ ಈಗ ಎಂಬತ್ತನಾಲ್ಕು. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಇನ್ನೂ ಚುರುಕು. ಬೆಳಿಗ್ಗೆ ಚಹಾ ಕೊಟ್ಟು ಫೋನನ್ನು ಮುಂದಿಟ್ಟೆ. ರೂಢಿಯಂತೆ ಅವರ ಕೈ ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ಚಪ್ಪಾಳೆ, ಚಪ್ಪಾಳೆ, ಮೂರನೆಯದಕ್ಕೆ ಕೈ ಗಾಳಿಯಲ್ಲಿ ತೆರೆದುಕೊಂಡಿತು. ತೆರೆದದ್ದು ಹಾಗೇ ನಿಂತಿತು.

"ಇಲ್ಲಿ ಯಾರ ಬಂದ್ರು?" ಎಂದರು.

"ನಾನ ಅಪ್ಪಾ. ಎಲ್ಲಾ ನಾನ."

"ಅಲ್ಲ. ಮದಲಿನ ಎರಡು ನೀನು. ಇದು ಬ್ಯಾರೆ ಯಾರೋ ನುಡಸಾಕತ್ತಾರ. ಹಿಂದಕ್ಕ ಹಾಕು ನೋಡೂಣು."

ಹಿಂದಕ್ಕೆ ಹಾಕಿದೆ. ಆಗ ಕೇಳಿಸಿತು. ಮೂರನೆಯ ಮನೆಯಲ್ಲಿ ನಾನು ಕೈ ಎತ್ತಿದ ಜಾಗದಲ್ಲಿ ಸ್ವರಗಳು ಒತ್ತೊತ್ತಾಗಿ ಕೂತಿದ್ದವು. ನನ್ನವೇ ಸ್ವರಗಳು, ನನ್ನದೇ ಬೆರಳು. ಮುಂದೆ ಎಲ್ಲೋ ನಾನು ನುಡಿಸಿದ್ದನ್ನು ಪಿಯಾನೋದವನು ಕತ್ತರಿಸಿ ತಂದು ಇಲ್ಲಿ ಅಂಟಿಸಿದ್ದ. ಏಳರಲ್ಲೂ, ಹನ್ನೊಂದರಲ್ಲೂ ಅದೇ.

"ಛಲೋ ಐತಿ," ಎಂದರು ಅಪ್ಪ, ಚಹಾದ ಲೋಟ ಹುಡುಕುತ್ತಾ. "ನಿಂದಲ್ಲ, ಅಷ್ಟ."

ಕೋಪ ಉಕ್ಕಿತು. ಮೊದಲು ನನ್ನ ಮೇಲೆಯೇ. ಮೂವತ್ತು ವರ್ಷ ಮ್ಯಾನೇಜರುಗಳ ಮಾತಿಗೆ ಬಗ್ಗದವಳು ಆಲ್ಬಮ್ಮಿನ ಮುಖಪುಟದಲ್ಲಿ ಬರುವ ಹೆಸರಿಗೆ ಬಗ್ಗಿ ನನ್ನ ಕೈಯನ್ನೇ ಗುರುತು ಹಿಡಿಯದೆ ಹೋಗಿದ್ದೆ. ಆ ಭಾನುವಾರ ಲಿಂಗಂಪಲ್ಲಿಗೆ ಗಿಟಾರ್ ಇಲ್ಲದೆ ಹೋದೆ. ಭುಜಕ್ಕೆ ಭಾರವಿರಲಿಲ್ಲ, ದಾರಿ ಮಾತ್ರ ಮುಗಿಯಲೊಲ್ಲದು.

ಅವನು ಕೆಟ್ಟ ಹುಡುಗನಲ್ಲ. ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದ. "ನೋಡಿ ಮೇಡಂ, ಪ್ರತಿಯೊಂದೂ ನಿಮ್ಮದೇ. ಹೊರಗಿಂದ ಒಂದು ನೋಟ್ ಕೂಡಾ ಹಾಕಿಲ್ಲ."

"ನಾ ಆಡಿದ ಮಾತ ಕತ್ತರಿಸಿ, ನಾ ಸುಮ್ಮನಿದ್ದಲ್ಲಿ ಅಂಟಿಸಿದ್ರ, ಅದು ನನ್ನ ಮಾತ ಆಗತೈತೇನು?"

"ಗ್ಯಾಪ್ ಇದ್ರೆ ಜನ ಮುಂದಿನ ಹಾಡಿಗೆ ಹೋಗಿಬಿಡ್ತಾರೆ. ನಿಮಗೋಸ್ಕರಾನೇ ಮಾಡಿದ್ದು."

"ನನ್ನ ಕೇಳಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

ಅದು ನಿಜ. ಆಮೇಲೆ ಅವನೇ ಒಂದು ದಾರಿ ಹುಡುಕಿದ: ಒಂದು ರಚನೆಯಲ್ಲಿ ಖಾಲಿಯನ್ನು ಹಾಗೇ ಬಿಡೋಣ, ಉಳಿದ ಏಳರಲ್ಲಿ ತುಂಬೋಣ. ಇಲ್ಲದಿದ್ದರೆ ತನ್ನ ಹೆಸರು ಹಾಕಿ ಇದನ್ನು ಹೊರಗೆ ಬಿಡಲು ತನಗೆ ಮನಸ್ಸು ಬರುವುದಿಲ್ಲ ಎಂದ. ಅವನ ಕಿವಿಗೆ ಅವನು ನಿಷ್ಠನಾಗಿದ್ದ, ತಪ್ಪು ಹೇಳಲಾರೆ. ಹೇಳುತ್ತಲೇ ಮುಖಪುಟವನ್ನು ಪರದೆಯ ಮೇಲೆ ತೆರೆದ. ನನ್ನ ಹೆಸರು ಮೇಲಿತ್ತು, ಕನ್ನಡದಲ್ಲೂ ಇತ್ತು. ಅಕ್ಷರ ಬಹಳ ಚೆಂದ. ನಾನು ಅದನ್ನು ನೋಡಿದೆ, ಸಾಕಷ್ಟು ಹೊತ್ತು ನೋಡಿದೆ. ಹೂಂ ಎನ್ನಲು ಬಾಯಿ ತೆರೆದಿತ್ತು ಎಂದರೂ ಸುಳ್ಳಲ್ಲ.

"ನನ್ನ ಗಿಟಾರ್ ಪೂರ್ತಿ ತಗಿ, ತಮ್ಮಾ," ಎಂದೆ. "ಎಂಟರಾಗೂ ತಗಿ. ಹೆಸರೂ ತಗಿ. ನೀವು ಮೂರು ಮಂದಿ ನುಡಿಸಿದ್ದು ಛಲೋ ಐತಿ, ಹಂಗ ಬಿಡ್ರಿ."

ತಮಾಷೆ ಎಂದುಕೊಂಡ. ನನ್ನ ಮುಖ ನೋಡಿ, ನಿಧಾನವಾಗಿ ಒಂದು ಗುಂಡಿ ಒತ್ತಿದ. ಗಿಟಾರ್ ನಿಂತುಹೋಯಿತು. ಪಿಯಾನೋ, ಬೇಸ್, ಡ್ರಮ್ಸ್ ಏನೂ ಆಗದ ಹಾಗೆ ಮುಂದೆ ಸಾಗಿದವು. ನಾನಿಲ್ಲದೆಯೂ ಅದು ಚೆನ್ನಾಗಿಯೇ ಇತ್ತು. ಅದು ಚುಚ್ಚಿತು. ಆದರೂ ಎದ್ದು ಹೋಗದೆ ಕೊನೆಯ ತನಕ ಕೂತು ಕೇಳಿದೆ.

ಮುಗಿದ ಮೇಲೆ ಅವನು ಹೇಳಿದ, "ಮೂವತ್ತು ವರ್ಷ ಮೇಡಂ. ನಿಮ್ಮದು ಅಂತ ಒಂದೂ ಉಳಿಯಲ್ಲ. ನಾಳೆ ಯಾರಾದ್ರೂ, ಇವರು ಹೇಗೆ ನುಡಿಸ್ತಿದ್ರು ಅಂತ ಕೇಳಿದ್ರೆ ನಾನು ಏನು ತೋರಿಸಲಿ?"

ಅವನ ಕಣ್ಣಿನಲ್ಲಿ ನೀರಿತ್ತು. ನನಗಾಗಿ ಅಳುವ ಕೆಲಸವನ್ನೂ ಅವನೇ ವಹಿಸಿಕೊಂಡಿದ್ದ. ನಾನು ಚಪ್ಪಲಿ ಮೆಟ್ಟಿಕೊಂಡೆ.

"ನುಡಿಸ್ತಿದ್ರು ಅಂತ ಯಾಕ ಅಂತೀ? ನಾ ಇನ್ನೂ ಸತ್ತಿಲ್ಲ. ದಿಲ್‌ಸುಖ್‌ನಗರದಾಗ ಅದಾಳ, ದಿನಾ ಮುಂಜಾನಿ ನುಡಸ್ತಾಳ, ಕೇಳಬೇಕಂದ್ರ ಮನಿಗೆ ಬರ್ರಿ ಅಂತ ಹೇಳು. ನೀನೂ ಬಾ."