ಹದಿನೆಂಟು ಪದರದ ಕವಚ

ಬಿಸಿಲಿಗೆ ಕಾದ ಹತ್ತಿಗೆ ಅದರದೇ ಒಂದು ವಾಸನೆಯಿದೆ. ಅಪ್ಪನ ಹಾಸಿಗೆ ಅಂಗಡಿಯಲ್ಲಿ, ಹತ್ತಿಯ ಗುಡ್ಡೆಯ ಮೇಲೆ ನಿದ್ದೆ ಮಾಡಿ ಬೆಳೆದ ಈ ಅಕ್ಕನಿಗೆ ಅದು ಮರೆಯುವಂಥದ್ದಲ್ಲ. ಅರವತ್ತೆರಡು ದಾಟಿದ ಮೇಲೂ, ಬೆಳಗಿನ ಐದೂವರೆಗೆ ಅದೇ ಅಂಗಡಿಯ ಬಾಗಿಲು ತೆಗೆದೊಡನೆ ಅವರು ಒಂದು ಹಿಡಿ ಹತ್ತಿಯನ್ನು ಮೂಗಿಗೆ ಹಿಡಿಯುತ್ತಾರೆ. ತೇವವಿದ್ದರೆ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಚಾಪೆ ಹಾಸಿ, ಕನ್ನಡಕ ಏರಿಸಿ, ಗೇಣುದ್ದದ ದಬ್ಬಣಕ್ಕೆ ದಾರ ಪೋಣಿಸುತ್ತಾರೆ. ಬೀದಿಗೆಲ್ಲ ಅವರು ದಬ್ಬಣದಕ್ಕ.

ಇಂದು ಅವರ ತೊಡೆಯ ಮೇಲಿರುವುದು ಹಾಸಿಗೆಯಲ್ಲ, ಯುದ್ಧಕ್ಕೆ ತೊಡುವ ಕೋಟು.

ಅವರ ಅಳಿಯ ಗಣಿತದ ಮೇಷ್ಟರು. ಗೆಳೆಯರ ಜೊತೆ ಸೇರಿ ಒಂದು ಆಟದ ಪುಸ್ತಕ ಬರೆದಿದ್ದಾರೆ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ವೀರರೋ ಮಂತ್ರವಾದಿಗಳೋ ಆಗಿ ದಾಳ ಉರುಳಿಸುತ್ತ ರಾಕ್ಷಸರೊಂದಿಗೆ ಕಾದಾಡುತ್ತಾರೆ. ಯಾರು ಏನು ತೊಟ್ಟಿದ್ದಾರೋ ಅದಕ್ಕೊಂದು ಅಂಕಿ. ಅಂಕಿ ದೊಡ್ಡದಾದಷ್ಟೂ ಗಾಯ ಕಡಿಮೆ. ರಾಕ್ಷಸ ಸುಳ್ಳಾದರೂ ಕಬ್ಬಿಣದ ತೂಕ ಸುಳ್ಳಾಗಬಾರದು ಎಂಬುದು ಅಳಿಯನ ಹಟ. ಹಾಗಾಗಿ ಪುಸ್ತಕದ ಆಯುಧಗಳನ್ನೆಲ್ಲ ನಿಜಕ್ಕೂ ಮಾಡಿಸಿ, ತೂಗಿ ನೋಡುತ್ತಾರೆ. ಮಾಡಿಕೊಡುವವರು ಪಕ್ಕದ ಅಂಗಡಿಯ ವೆಲ್ಡರಣ್ಣ. ಮೊದಲ ಕರಡಿನಲ್ಲಿ ಕತ್ತಿಯ ತೂಕ ಎಂಟು ಕೆ.ಜಿ. ಎಂದಿತ್ತು.

"ಎಂಟು ಕೆ.ಜಿ. ಕತ್ತಿ ಎತ್ತೋಷ್ಟರಲ್ಲಿ ಶತ್ರು ಮನೆಗೆ ಹೋಗಿ ಒಂದು ನಿದ್ದೆ ತೆಗೆದು ಬರ್ತಾನೆ ಮೇಷ್ಟ್ರೇ" ಎಂದು ವೆಲ್ಡರಣ್ಣ ನಕ್ಕರಂತೆ. ಈಗ ಅದು ಒಂದೂಕಾಲು ಕೆ.ಜಿ.

ಆದರೆ ಬಟ್ಟೆಯ ಕವಚದ ಅಂಕಿ ಮಾತ್ರ ಇನ್ನೂ ಒಂದು. ಕಬ್ಬಿಣದ ಅಂಗಿಗೆ ಎಂಟು. ಮಧ್ಯಾಹ್ನದೊಳಗೆ ಪುಟಗಳು ಅಚ್ಚಿಗೆ ಹೋಗಬೇಕು. ದಬ್ಬಣದಕ್ಕನಿಗೆ ಇರುಸುಮುರುಸು ಅದೇ.

"ಬಟ್ಟೆಗೆ ಒಂದು ಅಂದ್ರೆ ನನ್ನ ನಲವತ್ತು ವರ್ಷದ ಹೊಲಿಗೆಗೂ ಒಂದೇ ಅಂದ ಹಾಗಾಯ್ತಲ್ಲ" ಎನ್ನುತ್ತಾರೆ ದಾರ ಕಚ್ಚಿ ಕತ್ತರಿಸುತ್ತ.

ಆ ನಲವತ್ತು ವರ್ಷ ಸುಲಭದ್ದಲ್ಲ. ಮಗಳಿಗೆ ಒಂಬತ್ತು ತುಂಬುವ ಮೊದಲೇ ಗಂಡ ತೀರಿಹೋದರು. ದಿನಕ್ಕೆ ಎರಡು ಹಾಸಿಗೆ, ಆರು ದಿಂಬು ಹೊಲಿಯುತ್ತಿದ್ದ ಕೈಗೆ ಫೋಮ್ ಹಾಸಿಗೆ ಬಂದ ಮೇಲೆ ಅರ್ಧ ಕೆಲಸವೂ ಉಳಿಯಲಿಲ್ಲ. "ಕೂತು ಅಳೋಕೆ ಪುರುಸೊತ್ತೆಲ್ಲಿತ್ತು? ಹಳೇ ಹಾಸಿಗೆ ಬಿಚ್ಚಿ ಹೊಸದು ಮಾಡಿಕೊಡೋಕೆ ಶುರು ಮಾಡಿದೆ."

ಅವರು ಹೊಲಿದ ಮೊದಲ ಕೋಟು ನಗೆಪಾಟಲಾಯಿತು. ಹಾಸಿಗೆಗೆ ತುಂಬುವ ಹಾಗೆಯೇ ಗಟ್ಟಿಯಾಗಿ ಹತ್ತಿ ತುಂಬಿದ್ದರು. ತೊಟ್ಟ ಅಳಿಯನ ಎರಡೂ ಕೈ ಬೆದರುಬೊಂಬೆಯಂತೆ ಚಾಚಿ ನಿಂತವು, ಇಳಿಯಲೇ ಇಲ್ಲ. ಮಗಳು ನಕ್ಕೂ ನಕ್ಕೂ ಗೋಡೆ ಹಿಡಿದಳು. ದಬ್ಬಣದಕ್ಕ ಎಲ್ಲ ಬಿಚ್ಚಿ, ಹತ್ತಿ ಬಿಟ್ಟು, ಹಳೆಯ ಹೊದಿಕೆಗಳನ್ನು ಹದಿನೆಂಟು ಪದರ ಜೋಡಿಸಿ, ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕಿದರು. ಹನ್ನೊಂದು ದಿನ ಹಿಡಿಯಿತು. ತೂಕ ಮೂರೂವರೆ ಕೆ.ಜಿ.

ಒಂಬತ್ತಕ್ಕೆ ವೆಲ್ಡರಣ್ಣನ ಜೊತೆ ಅಳಿಯ ಬರುತ್ತಾರೆ. "ಅತ್ತೆ, ಮುಲಾಜಿಗೆ ಅಂಕಿ ಬದಲಾಯಿಸಲ್ಲ, ಆಮೇಲೆ ಬೇಜಾರು ಮಾಡ್ಕೋಬೇಡಿ."

"ಮುಲಾಜು ಕೇಳಿದವರು ಯಾರು ಅಳಿಯಂದ್ರೇ? ಹೊಡೀರಿ, ನೋಡೋಣ."

ಜೇಡಿಮಣ್ಣು ತುಂಬಿದ ಗೋಣಿಚೀಲಕ್ಕೆ ಕೋಟು ತೊಡಿಸುತ್ತಾರೆ. ವೆಲ್ಡರಣ್ಣ ಕತ್ತಿ ಬೀಸುತ್ತಾರೆ. ಆರು ಪದರ ಹರಿಯುತ್ತದೆ, ಏಳನೆಯದು ತಡೆಯುತ್ತದೆ. ಗದೆಯ ಏಟಿಗೆ ಬರಿಯ ಚೀಲದಲ್ಲಿ ಬಿದ್ದಷ್ಟು ತಗ್ಗು ಬೀಳುವುದಿಲ್ಲ, ಅದರ ಅರ್ಧ ಅಷ್ಟೆ. ಈಟಿ ಮಾತ್ರ ನೇರ ಒಳಗೆ ನುಗ್ಗುತ್ತದೆ. ದಬ್ಬಣದಕ್ಕ ಆ ತೂತಿಗೆ ಬೆರಳಿಟ್ಟು ನೋಡಿ, "ಚೂಪಾದದ್ದಕ್ಕೆ ಇದು ಸಾಲದು" ಎಂದು ತಾವೇ ಒಪ್ಪುತ್ತಾರೆ.

ಅಳಿಯ ಪುಟದಲ್ಲಿದ್ದ ಒಂದನ್ನು ಹೊಡೆದುಹಾಕಿ ಮೂರು ಬರೆಯುತ್ತಾರೆ.

"ಮಳೇಲಿ ನೆನೆದ್ರೆ ಎರಡು ಅಂತಲೂ ಹಾಕಿ. ನೀರು ಕುಡಿದ ಬಟ್ಟೆ ಹೊತ್ಕೊಂಡು ಯಾರು ಓಡ್ತಾರೆ? ಸುಳ್ಳು ಯಾಕೆ?" ಎನ್ನುತ್ತಾರೆ ದಬ್ಬಣದಕ್ಕ.

ವೆಲ್ಡರಣ್ಣ ಗಂಟಲು ಸರಿಮಾಡಿಕೊಂಡು ಅಂಗಿಯ ಕಾಲರು ಸರಿಸುತ್ತಾರೆ. ಭುಜದ ಮೇಲೆ ಕೆಂಪು ತರಚು. "ನಿನ್ನೆ ಕಬ್ಬಿಣದ ಅಂಗಿನ ಬರೀ ಮೈಮೇಲೆ ಒಂದು ಗಂಟೆ ಹಾಕ್ಕೊಂಡಿದ್ದೆ. ಒಳಗೆ ಅಕ್ಕನ ಕೋಟು ಇಲ್ದಿದ್ರೆ ನನ್ನ ಎಂಟನ್ನ ಐದಕ್ಕೆ ಇಳಿಸಿ ಮೇಷ್ಟ್ರೇ."

ಯಾರೂ ಕೇಳದಿದ್ದರೂ ತಮ್ಮದರಲ್ಲಿ ಮೂರು ಬಿಟ್ಟುಕೊಟ್ಟ ಆ ಮನುಷ್ಯನನ್ನು ದಬ್ಬಣದಕ್ಕ ಒಂದು ಗಳಿಗೆ ನೋಡುತ್ತಾರೆ.

ಅಳಿಯ ಪುಟಗಳನ್ನು ಚೀಲಕ್ಕೆ ಸೇರಿಸಿ ಸ್ಕೂಟರ್ ಹತ್ತುತ್ತಾರೆ. ಪುಸ್ತಕದಲ್ಲಿ ನಿಮ್ಮ ಹೆಸರು ಹಾಕಿಸಬೇಕೇ ಎಂದು ಅವರು ಕೇಳಿದರೆ ದಬ್ಬಣದಕ್ಕ ಬೇಡವೆಂದು ಕೈಯಾಡಿಸುತ್ತಾರೆ. "ಆಡೋರು ಯಾರಾದ್ರೂ ಒಂದ್ಸಲ ಈ ಕೋಟು ತೊಟ್ಟು, ಜೀವ ಉಳಿಸ್ಕೊಂಡು ಮನೆ ಸೇರಲಿ. ನಂಗೆ ಅಷ್ಟು ಸಾಕು." ಆಗಲೇ ಅವರು ಹರಿದ ಆರು ಪದರಗಳಿಗೆ ತೇಪೆ ಹುಡುಕುತ್ತಿದ್ದಾರೆ.

ಬೆಳಗಿನಿಂದ ಅವರ ಹೊಟ್ಟೆಗೆ ಏನೂ ಬಿದ್ದಿಲ್ಲ. ವೆಲ್ಡರಣ್ಣ ತಮ್ಮ ಡಬ್ಬಿ ಬಿಚ್ಚಿ, ಅರ್ಧ ಅನ್ನವನ್ನು ಮುಚ್ಚಳಕ್ಕೆ ಬಡಿಸುತ್ತಾರೆ. ಅಕ್ಕನ ಕೈಯಿಂದ ದಬ್ಬಣ ತೆಗೆದು ಪಕ್ಕದ ದಿಂಬಿಗೆ ಚುಚ್ಚಿ, ಆ ಕೈಗೆ ಮುಚ್ಚಳ ಕೊಡುತ್ತಾರೆ.