ಭುವನೇಶ್ವರಿಯ ಕೆಳಗೆ ಅಂಗಾತ

ಕೋಳಿ ಕೂಗಿ ಬಹಳ ಹೊತ್ತಾಗಿಲ್ಲ. ಹಳೇಬೀಡಿನ ಆಚೆ, ಕೆರೆ ಏರಿಗೆ ಅಂಟಿಕೊಂಡ ಒಂದು ಹಳ್ಳಿಯ ಪುಟ್ಟ ಬಸದಿಯೊಳಗೆ ಪ್ರತಿಮಾ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದಾರೆ. ಎದೆಯ ಮೇಲೆ ಕ್ಯಾಮೆರಾ, ಲೆನ್ಸಿನ ಮುಖ ಮೇಲಕ್ಕೆ. ಕಣ್ಣಿನ ನೇರಕ್ಕೆ ಭುವನೇಶ್ವರಿ, ಅಂದರೆ ಬಳಪದ ಕಲ್ಲಿನಲ್ಲಿ ಕೆತ್ತಿದ ಮೇಲ್ಚಾವಣಿ. ನಡುವೆ ಹೆಡೆ ಬಿಚ್ಚಿದ ಧರಣೇಂದ್ರ, ಸುತ್ತ ತಾವರೆಯ ಎಸಳು. ಹೆಡೆಯ ಬುಡದಿಂದ ಹೊರಟ ಒಂದು ಬಿರುಕು ಬಾಗಿಲ ಕಡೆಗೆ ಹರಿದಿದೆ. ಹೋದ ಮಳೆಗಾಲದಲ್ಲಿ ಕೂದಲೆಳೆಯಷ್ಟಿದ್ದದ್ದು ಈಗ ಬೆರಳು ತೂರುವಷ್ಟಾಗಿದೆ.

"ಪ್ರತಿಮಕ್ಕ, ಸೀನು ಗೀನು ಬಂದ್ರೆ ಮೊದ್ಲು ಈಚೆ ಬಂದ್ಬಿಡಿ" ಎಂದು ಬಾಗಿಲಲ್ಲಿ ನಿಂತ ಕೆಂಚಪ್ಪ ಹೇಳುತ್ತಾರೆ. ಕಲ್ಲುಕೆಲಸದ ಮೇಸ್ತ್ರಿ ಅವರು. "ಅದು ಯಾವುದ್ರ ಮೇಲೆ ನಿಂತೈತೆ ಅಂತ ನಂಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ."

"ಸುಮ್ನಿರಿ ಕೆಂಚಪ್ಪಣ್ಣ, ನೀವು ಹೇಳಿದ್ಮೇಲೇ ಮೂಗು ತುರಿಸ್ತೈತೆ."

ಇವತ್ತು ಈ ಚಾವಣಿಗೆ ಆಸರೆ ಕೊಡಬೇಕು. ಬಿಕ್ಕೋಡಿನ ಕಡೆಯ ಎಸ್ಟೇಟಿನಿಂದ ತಂದ ಸಿಲ್ವರ್ ಮರದ ಕಂಬಗಳು ಅಂಗಳದಲ್ಲಿ ಒರಗಿವೆ. ಆಸರೆ ನಿಂತ ಮೇಲೆ ಮೇಲಿನ ಗಾರೆ ಕಿತ್ತು, ಕಲ್ಲುಗಳನ್ನು ಒಂದೊಂದಾಗಿ ಇಳಿಸಿ, ಒಡೆದದ್ದನ್ನು ಬೆಸೆದು, ಮತ್ತೆ ಇದ್ದಲ್ಲಿಗೇ ಏರಿಸಬೇಕು. ಯಾವ ಕಲ್ಲು ಯಾವುದರ ಪಕ್ಕದಲ್ಲಿತ್ತು, ಯಾವ ಎಸಳು ಯಾವ ಎಸಳಿಗೆ ಕೂಡಿತ್ತು ಎಂಬುದಕ್ಕೆ ಪ್ರತಿಮಾ ತೆಗೆಯುವ ಫೋಟೋವೇ ಸಾಕ್ಷಿ. ಕಂಬದ ತಲೆಯ ಹಲಗೆಗಳು ಮೇಲೇರಿದರೆ ಕೆತ್ತನೆ ಮುಚ್ಚಿಹೋಗುತ್ತದೆ. ಆದ್ದರಿಂದ ಫೋಟೋ ಮೊದಲು, ಆಸರೆ ಆಮೇಲೆ. ಪ್ರತಿಮಾ ಆಸರೆಯಿಲ್ಲದ ಕಲ್ಲಿನ ಕೆಳಗೆ ಮಲಗಿರುವುದು ಇದಕ್ಕೇ.

ಹಗರೆಯ ಬಸ್ ನಿಲ್ದಾಣದ ಎದುರಿಗೆ ಅವರ ಸ್ಟುಡಿಯೋ ಇದೆ. ಹುಟ್ಟಿದ್ದು ಅರಸೀಕೆರೆಯ ತೆಂಗಿನ ತೋಟದವರ ಮನೆಯಲ್ಲಿ, ಕಸುಬು ಕಲಿತದ್ದು ಅಲ್ಲಿಯದೇ ಒಂದು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ. ಮದುವೆಯಾಗಿ ಹಗರೆಗೆ ಬಂದರು. ಗಂಡ ಶಶಿಧರ್ ಬಿಕ್ಕೋಡು ದಾರಿಯಲ್ಲಿ ಜೀಪು ಓಡಿಸುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಪಾಸ್‌ಪೋರ್ಟ್ ಫೋಟೋ, ವಾರಕ್ಕೊಂದು ನಾಮಕರಣವೋ ಸೀಮಂತವೋ. ಈಗ ಕ್ಯಾಮೆರಾಕ್ಕೆ ಹಾಕಿರುವ, ಹತ್ತಿರದಿಂದಲೇ ಇಡೀ ಕೋಣೆ ಹಿಡಿಯುವ ಅಗಲ ಲೆನ್ಸು ಬೇಕೆನಿಸಿದ್ದೂ ಸೀಮಂತದ ಮನೆಗಳಲ್ಲೇ.

"ನಡುಮನೆ ಅಂದ್ರೆ ಎಷ್ಟಿರ್ತೈತೆ ಹೇಳಿ! ಬಸುರಿ, ಬೀಗಿತ್ತೀರು, ಹಣ್ಣಿನ ತಟ್ಟೆ, ಎಲ್ಲಾ ಬರ್ಬೇಕು ಅಂತಾರೆ. ಹಿಂದೆ ಸರಿದೂ ಸರಿದೂ ಒಂದ್ಸಲ ಬಚ್ಚಲೊಳಕ್ಕೇ ಬಿದ್ದೆ" ಎನ್ನುತ್ತಾರೆ ಪ್ರತಿಮಾ, ಮಲಗಿದ್ದಲ್ಲಿಂದಲೇ.

ತಾನೇ ಫೋಕಸ್ ಮಾಡಿಕೊಳ್ಳುವಂಥ ಅಗಲ ಲೆನ್ಸಿನ ಬೆಲೆಗೆ ಒಂದು ಹೊಸ ಸ್ಕೂಟರ್ ಬರುತ್ತದೆ. ಪ್ರತಿಮಾ ಕೊಂಡದ್ದು ಕೈಯಲ್ಲೇ ರಿಂಗು ತಿರುಗಿಸುವ ಅಗ್ಗದ್ದು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಸುವ ಗಾತ್ರ, ಕೈಗೆ ಮಾತ್ರ ಕಬ್ಬಿಣದ ಗುಂಡಿನಂತೆ ಭಾರ. ಅದರ ಮೇಲೆ ಅಚ್ಚಾದ ದೂರದ ಅಂಕಿಗಳು ಸುಳ್ಳು ಹೇಳುತ್ತವೆ ಎಂಬುದು ಮೊದಲ ವಾರವೇ ತಿಳಿಯಿತು. ತವರಿನ ತಾರಸಿ ಹತ್ತಿ, ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಗುರಿಯಿಟ್ಟು, ಅದು ಸ್ಪಷ್ಟವಾಗಿ ಕಂಡ ಕಡೆ ರಿಂಗಿನ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟರು. ಹತ್ತಿರದ್ದಕ್ಕೆ ಹಗರೆಯ ಮನೆಯ ಹಜಾರದಲ್ಲಿ ಮಲಗಿ, ಫ್ಯಾನಿನ ಮೇಲಿನ ಸಣ್ಣಕ್ಷರ ಓದುವಂತಾದಾಗ ಬಿಳಿ ಚುಕ್ಕೆ. ಊಟಕ್ಕೆ ಬಂದ ಶಶಿಧರ್, ಹೆಂಡತಿ ತಲೆತಿರುಗಿ ಬಿದ್ದಿದ್ದಾಳೆಂದು ಚೊಂಬು ನೀರು ಮುಖಕ್ಕೆ ಎರಚಿದ್ದರಂತೆ.

"ಈ ಲೆನ್ಸಲ್ಲಿ ಅಂಚಿಗೆ ನಿಂತೋರು ಹಿಗ್ಗಿಹೋಗ್ತಾರೆ. ಬೀಗಿತ್ತೀನ ಅಂಚಿಗೆ ನಿಲ್ಲಿಸ್ಬೇಡ ಕಣೇ, ಜಗಳ ಬತ್ತದೆ ಅಂತ ನಮ್ಮತ್ತೆ ಹೇಳಿದ್ರು. ಕಲ್ಲಿಗೆ ಅಂಥಾ ಕೋಪ ಇಲ್ಲ."

ಹಾಗೆ ಹೇಳುತ್ತಿರುವಾಗಲೇ ಕೆರೆಯ ಆಚೆ ಬದಿಯಿಂದ ಬಿಸಿಲು ಇಣುಕುತ್ತದೆ. ಬಾಗಿಲು ಪೂರ್ವಕ್ಕಿರುವುದರಿಂದ ಎಳೆಬಿಸಿಲು ನೆಲದ ಮೇಲೆ ಒಳಕ್ಕೆ ಚಾಚುತ್ತದೆ. ಹೊತ್ತೇರಿದಂತೆ ಹೊಸಿಲಾಚೆಗೆ ಸರಿದುಬಿಡುತ್ತದೆ. ಫ್ಲ್ಯಾಷ್ ಹಾಕಿದರೆ ನೆರಳು ಅಳಿದು ಕಲ್ಲುಗಳ ಸಂದು ಕಾಣುವುದಿಲ್ಲ. ಅದಕ್ಕೆಂದೇ ಪ್ರತಿಮಾ ನಿನ್ನೆ ಬ್ರಹ್ಮದೇವಯ್ಯನವರಲ್ಲಿ ಎರಡು ಬಿಳಿ ಪಂಚೆ ಕೇಳಿದ್ದರು. ತಲೆಮಾರುಗಳಿಂದ ಈ ಬಸದಿಯ ಪೂಜೆ ನಡೆಸಿಕೊಂಡು ಬಂದ ಮನೆತನ ಅವರದು. ಮೂರ್ತಿಯನ್ನು ಈಗ ಮನೆಯಲ್ಲೇ ಇಟ್ಟುಕೊಂಡು ಪೂಜಿಸುತ್ತಿದ್ದಾರೆ. ಮಡಿಪಂಚೆಯನ್ನು ನೆಲಕ್ಕೆ ಹಾಸಲು ತುಸು ಹಿಂದುಮುಂದು ನೋಡಿದರೂ ತಾವೇ ತಂದು ಹಾಸಿದ್ದಾರೆ. ಒಂದೇ ಒಂದು ಮಾತು ಹೇಳಿದ್ದರು. "ಕಾಲು ಮಾತ್ರ ಗರ್ಭಗುಡಿ ಕಡೆಗೆ ಚಾಚ್ಬೇಡಮ್ಮ. ಸ್ವಾಮಿ ನಮ್ಮನೇಲಿದ್ರೂ ಆ ಜಾಗ ಸ್ವಾಮೀದೇ."

ಬಿಸಿಲು ಪಂಚೆಯ ಮೇಲೆ ಬಿದ್ದು ಮೇಲಕ್ಕೆ ಪುಟಿಯುತ್ತದೆ. ಭುವನೇಶ್ವರಿ ಮೆಲ್ಲಗೆ ಬೆಳಗುತ್ತದೆ. ಸಂದು ಸಂದೂ ನೆರಳು ಕಟ್ಟಿ ಎದ್ದು ನಿಲ್ಲುತ್ತದೆ. ಕೆಂಚಪ್ಪ ಕಲ್ಲುಗಳ ಮೇಲೆ ಸುಣ್ಣದಲ್ಲಿ ಬರೆದ ಅಂಕಿಗಳೂ ಕಾಣುತ್ತವೆ. ಪ್ರತಿಮಾ ಉಸಿರು ಬಿಗಿಹಿಡಿದು ಒತ್ತುತ್ತಾರೆ. ಮತ್ತೆ ಒತ್ತುತ್ತಾರೆ. ಪರದೆಯ ಮೇಲೆ ಎಲ್ಲವೂ ಚೆನ್ನಾಗಿದೆ. "ಆಯ್ತು" ಎನ್ನುತ್ತಾ ಹೊರಬರುತ್ತಾರೆ. ಕೆಂಚಪ್ಪನವರ ಆಳುಗಳು ಕಂಬ ಹೊತ್ತು ಒಳಗೆ ನುಗ್ಗುತ್ತಾರೆ.

ಜಗುಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಾಗ ಪ್ರತಿಮಾ ಚಿತ್ರವನ್ನು ಹಿಗ್ಗಿಸಿ ನೋಡುತ್ತಾರೆ. ಎಸಳುಗಳ ಅಂಚು ಬೆಣ್ಣೆಯಂತೆ ಕರಗಿದೆ. ಮುಂದಿನದು? ಅದೂ ಹಾಗೇ. ಸುಣ್ಣದ ಅಂಕಿ ಎಂಟೋ ಒಂಬತ್ತೋ ತಿಳಿಯುವುದಿಲ್ಲ. ಲೆನ್ಸು ತಿರುಗಿಸಿ ನೋಡಿದರೆ ಬಿಳಿ ಚುಕ್ಕೆ ಇರಬೇಕಾದಲ್ಲಿ ಇಲ್ಲ. ರಿಂಗು ತೀರಾ ಹತ್ತಿರದ ಕೊನೆಗೆ ತಿರುಗಿ ಕೂತಿದೆ. ಅದರ ಗೆರೆಗಳಲ್ಲಿ ನೀಲಿ ಉಣ್ಣೆಯ ಎಳೆ. ಚಳಿಗೆಂದು ಹಾಕಿದ್ದ ಸ್ವೆಟರಿನದು. ಎದೆಯ ಮೇಲಿಟ್ಟುಕೊಂಡು ಬಿಸಿಲು ಕಾಯುವಾಗ ಉಣ್ಣೆ ರಿಂಗನ್ನು ಎಳೆದಿದೆ. ಅಗಲ ಲೆನ್ಸಿನ ಚಿತ್ರ ಸಣ್ಣ ಪರದೆಯಲ್ಲಿ ಯಾವತ್ತೂ ಚೆನ್ನಾಗಿಯೇ ಕಾಣುತ್ತದೆ. ಹಿಗ್ಗಿಸಿ ನೋಡದೆ ಏಳಬಾರದೆಂಬುದು ಅವರೇ ಹಾಕಿಕೊಂಡ ನಿಯಮ. ಇವತ್ತು ಬಿರುಕಿನ ಭಯಕ್ಕೆ ಎದ್ದುಬಿಟ್ಟರು.

ಒಳಗೆ ಬೆಣೆ ಬಡಿಯುವ ಸದ್ದು. ಗರ್ಭಗುಡಿಯ ಬದಿಗೆ ಎರಡು ಕಂಬ ನಿಂತಾಗಿದೆ, ಮೂರನೆಯದು ಏಳುತ್ತಿದೆ. ಬಿಸಿಲು ನೆಲದ ಅರ್ಧಕ್ಕೆ ಹಿಂಜರಿದಿದೆ.

"ಕೆಂಚಪ್ಪಣ್ಣ, ನಿಲ್ಸಿ!" ಲೋಟ ಅಲ್ಲೇ ಬಿಟ್ಟು ಓಡುತ್ತಾರೆ. "ಫೋಟೋ ಕೆಟ್ಟೋಗೈತೆ. ನಂದೇ ತಪ್ಪು. ಇನ್ನೊಂದ್ಸಲ ತೆಗೀಬೇಕು."

ಕೆಂಚಪ್ಪ ಸುತ್ತಿಗೆ ಕೆಳಗಿಳಿಸುತ್ತಾರೆ. "ಏನಕ್ಕ, ಹುಡುಗಾಟನಾ? ನಿಂತಿರೋ ಕಂಬ ನಾನು ತೆಗಿಯಾಕಿಲ್ಲ. ಭಾರ ಅದರ ಮೇಲೆ ಕೂತೈತೆ. ತೆಗೆದ್ರೆ ಭುವನೇಶ್ವರಿ ನಿಮ್ಮ ಮಡಿಲಿಗೇ."

"ಅವೆರಡು ಇರ್ಲಿ. ಮೂರನೇದು ಬ್ಯಾಡ, ಅಷ್ಟೇ."

"ಮೊಬೈಲಲ್ಲಿ ಹೊಡ್ಕೊಂಡು ಬನ್ನಿ ಅತ್ಲಾಗೆ."

"ಈ ಕತ್ತಲಲ್ಲಿ ಮೊಬೈಲಿಗೆ ಸಂದು ಕಾಣ್ಸಲ್ಲಣ್ಣ. ನಾಳೆ ನೀವು ಎಸಳಿಗೆ ಎಸಳು ಕೂಡಿಸೋವಾಗ ಏನು ನೋಡ್ಕೊಂಡು ಕೂಡಿಸ್ತೀರಿ?"

ಆ ಮಾತಿಗೆ ಕೆಂಚಪ್ಪ ಸುತ್ತಿಗೆ ನೆಲಕ್ಕಿಡುತ್ತಾರೆ. ಆಳುಗಳನ್ನು ಹೊರಗೆ ಕಳಿಸುತ್ತಾರೆ. ಒಂದು ಕಂಬವನ್ನು ಅಂಗೈಯಲ್ಲಿ ಬಳಸಿ ಹಿಡಿದು, ಮರಕ್ಕೆ ಕಿವಿ ಹಚ್ಚುತ್ತಾರೆ. ಕಲ್ಲು ಕದಲುವ ಮೊದಲು ಮರ ಕಿರುಗುಟ್ಟುತ್ತದೆ; ಅವರ ಕಸುಬಿನಲ್ಲಿ ಅಷ್ಟೇ ಎಚ್ಚರಿಕೆ ಸಿಗುವುದು. "ನಾನು ಬಾ ಅಂದ್ರೆ ಕ್ಯಾಮೆರಾ ಬಿಟ್ಟು ಬರ್ಬೇಕು. ತಿಳೀತಾ?"

ಪ್ರತಿಮಾ ಸ್ವೆಟರ್ ತೆಗೆದು ಬಾಗಿಲಾಚೆ ಎಸೆಯುತ್ತಾರೆ. ಕಂಬಗಳ ನಡುವೆ ಲೆನ್ಸು ತೂರಬೇಕಾದರೆ ತಲೆ ಬಾಗಿಲ ಕಡೆಗಿಟ್ಟು, ಕಾಲನ್ನು ಗರ್ಭಗುಡಿಯತ್ತ ಚಾಚಲೇಬೇಕು. ಹೊಸಿಲಲ್ಲಿ ನಿಂತ ಬ್ರಹ್ಮದೇವಯ್ಯನವರತ್ತ ನೋಡುತ್ತಾರೆ. ಕಾಲು ಮಡಿಸಿ ಗೋಣಿಚೀಲದ ಮೇಲೆ ಕೂರುತ್ತಾರೆ.

ಬ್ರಹ್ಮದೇವಯ್ಯ ಹೆಗಲ ಮೇಲಿನ ಶಲ್ಯ ತೆಗೆದು ಅವರ ಪಾದಗಳ ಮೇಲೆ ಹೊದಿಸುತ್ತಾರೆ. "ಮಲಕ್ಕೊಳಮ್ಮ. ಸ್ವಾಮಿಗೆ ನಾನು ಹೇಳ್ಕೋತೀನಿ."

ಬಿಳಿ ಚುಕ್ಕೆ ಲೆನ್ಸಿನ ಗುರುತುಗೆರೆಗೆ ಕೂರುತ್ತದೆ. ಎಡಗೈ ಬೆರಳು ರಿಂಗನ್ನು ಬಿಡುವುದಿಲ್ಲ. ಇಷ್ಟು ಹತ್ತಿರದಿಂದ ಈ ಲೆನ್ಸಿಗೆ ಕಂಬಗಳು ಎರಡು ಕಡೆಗೂ ಓಲಿದಂತೆ ಕಾಣುತ್ತವೆ. ನಡುವಿನ ಕಲ್ಲೆಲ್ಲ ತೆರೆದುಕೊಳ್ಳುತ್ತದೆ. ಒಂದು ಚಿತ್ರ. ಹಿಗ್ಗಿಸಿ ನೋಡುತ್ತಾರೆ. ಎಂಟು ಎಂಟೇ. ಈ ಚಿತ್ರದಲ್ಲಿ ಕಂಬದ ಹಿಂದೆ ಮರೆಯಾದ ಕಲ್ಲು ಇನ್ನೊಂದರಲ್ಲಿ ಸಿಗಬೇಕು. ಮೊಣಕೈ ಊರಿ ಒಂದು ಗೇಣು ಪಕ್ಕಕ್ಕೆ ಜರಗುತ್ತಾರೆ.

ಆಗ ಮೇಲಿನಿಂದ ಒಂದು ಚಕ್ಕೆ ಕಳಚಿ ಪಂಚೆಯ ಮೇಲೆ ಬೀಳುತ್ತದೆ. ಕಿವಿಯ ಪಕ್ಕದಲ್ಲೇ.

"ಕೆಂಚಪ್ಪಣ್ಣ?"

ಕೆಂಚಪ್ಪನವರ ಕಣ್ಣು ಮುಚ್ಚಿದೆ. ಕಿವಿ ಮರದಲ್ಲೇ ಇದೆ.

"ಮರ ಸುಮ್ನೈತೆ" ಎನ್ನುತ್ತಾರೆ. "ಬೇಗ ಹೊಡೀರಿ ತಾಯಿ."

ಎರಡನೆಯ ಚಿತ್ರ. ಹಿಗ್ಗಿಸಿ ನೋಡಿಯೇ ಏಳುತ್ತಾರೆ. ಬಿಸಿಲು ಆಗಲೇ ಹೊಸಿಲು ದಾಟುತ್ತಿದೆ. ಮೂರನೆಯ ಕಂಬ, ನಾಲ್ಕನೆಯ ಕಂಬ ಏಳುವವರೆಗೂ ಪ್ರತಿಮಾ ಅಂಗಳದ ಚಳಿಯಲ್ಲೇ ನಿಂತಿರುತ್ತಾರೆ. ಬ್ರಹ್ಮದೇವಯ್ಯನವರ ಮಡದಿ ಧರ್ಮಾವತಿ ನೆಲಕ್ಕೆ ಬಿದ್ದ ಸ್ವೆಟರ್ ಕೊಡವಿ ತಂದುಕೊಟ್ಟರೆ, "ಬ್ಯಾಡಮ್ಮ, ಅದರ ಸಹವಾಸ ಸಾಕು" ಎಂದು ನಗುತ್ತಾರೆ.

ವಾರ ಕಳೆದು ಕೆಂಚಪ್ಪ ಹಗರೆಯ ಸ್ಟುಡಿಯೋಗೆ ಬರುತ್ತಾರೆ. ಎರಡೂ ಚಿತ್ರ ಸೇರಿಸಿ ಮಾಡಿದ, ಮೇಜಿನ ತುಂಬ ಹರಡಿದ ದೊಡ್ಡ ಪ್ರಿಂಟು. ಅಂಕಿ, ಸಂದು, ಎಸಳು ಎಲ್ಲವೂ ಇದೆ. ಒಂದು ಅಂಚಿನಲ್ಲಿ ಕಂಬ. ಕಂಬದ ಮೇಲೆ ಮಾರುದ್ದ ಹಿಗ್ಗಿದ ಬೆರಳುಗಳು.

"ಇದ್ಯಾರ್ದವ್ವ ಕೈ, ಬೇತಾಳಂದಾ?"

"ನಿಮ್ದೇ. ಅಂಚಲ್ಲಿ ನಿಂತಿದ್ರಲ್ಲ."

"ಕತ್ತರಿಸಾಕ್ರಿ ಅದನ್ನ."

"ಇರ್ಲಿ ಬಿಡಿ" ಎನ್ನುತ್ತಾರೆ ಪ್ರತಿಮಾ. ಪ್ರಿಂಟನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಅವರ ಕೈಗೆ ಕೊಡುತ್ತಾರೆ. ಹೊರಗೆ ಬೇಲೂರಿನ ಬಸ್ಸು ಹಾರನ್ ಹೊಡೆಯುತ್ತಿದೆ; ಪಾಸ್‌ಪೋರ್ಟ್ ಫೋಟೋಗೆ ಬಂದವರೊಬ್ಬರು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಾರೆ.

"ಕಲ್ಲೆಲ್ಲ ಏರಿಸಿದ್ಮೇಲೆ ನನ್ನ ಒಂದ್ಸಲ ಕರೀರಿ ಕೆಂಚಪ್ಪಣ್ಣ. ಅದೇ ಜಾಗದಲ್ಲಿ ಮಲಗಿ, ಇದೇ ಲೆನ್ಸಲ್ಲಿ ಇನ್ನೊಂದು ತೆಗೀತೀನಿ. ಅವತ್ತು ಕಂಬನೂ ಇರ್ಬಾರ್ದು, ನಿಮ್ಮ ಕೈನೂ ಇರ್ಬಾರ್ದು. ಕಲ್ಲು ತಾನೇ ನಿಂತಿರ್ಬೇಕು."